ದೋಸೆಯ ತೂತು, ಕಥೆಯ ತೂತು

ಪ್ರೀತಿಯ ತಂಗಿ,

ನೀನು ಕಳಿಸಿದ ವಿಮರ್ಶೆ, ಕಥೆ ಎರಡನ್ನೂ ಒಂದೇ ಪಟ್ಟಿಗೆ ಕೂತು ಓದಿದೆ. ಮೊದಲು ವಿಮರ್ಶೆಯ ಮಾತು.

‘ಟು ಬೋಲ್ಡ್‌ಲಿ ಫ್ಲೀ’ ಸಿನಿಮಾ ನೋಡಿ ನಿನಗೆ ತುಂಬ ಬೇಸರವಾಗಿದೆ. ಆದರೆ ಬರಹದಲ್ಲಿ ಆ ಬೇಸರ ಕಾಣುವುದಿಲ್ಲ, ಬೈಗುಳ ಕಾಣುತ್ತದೆ. ‘ಮೂರು ಗಂಟೆ ದಂಡ’, ‘ಶಾಲಾ ವಾರ್ಷಿಕೋತ್ಸವದ ನಟನೆ’, ‘ಗ್ರಾಫಿಕ್ಸ್ ಅಂತೂ ದೇವರಿಗೇ ಪ್ರೀತಿ’. ಇದನ್ನು ಆ ಸಿನಿಮಾದ ಹತ್ತು ನಿಮಿಷ ನೋಡಿದ ಯಾರು ಬೇಕಾದರೂ ಬರೆಯಬಹುದು. ಫೋನಿನಲ್ಲಿ ನೀನು ನನಗೆ ಹೇಳಿದ್ದೇ ಬೇರೆ. ಹಾಸ್ಟೆಲ್ಲಿನಲ್ಲಿ ಮೂವರು ಒಂದೇ ಲ್ಯಾಪ್‌ಟಾಪಿಗೆ ತಲೆ ಕೊಟ್ಟು, ಒಂದು ಇಯರ್‌ಫೋನನ್ನು ಇಬ್ಬರು ಹಂಚಿಕೊಂಡು ಆ ಸಿನಿಮಾದ ನಾಯಕನೇ ಆದ, ಇಂಟರ್‌ನೆಟ್ಟಿನಲ್ಲಿ ಸಿನಿಮಾ ವಿಮರ್ಶೆ ಮಾಡುವ ನಾಸ್ಟಾಲ್ಜಿಯಾ ಕ್ರಿಟಿಕ್‌ನ ವಿಡಿಯೊಗಳನ್ನು ನೋಡುತ್ತಿದ್ದಿರಿ. ‘ಒಂದು ಸಿನಿಮಾ ಯಾಕೆ ಕೆಟ್ಟಿತು ಅಂತ ಕೇಳಬಹುದು ಅನ್ನೋದೇ ನಂಗೆ ಗೊತ್ತಾಗಿದ್ದು ಅವರಿಂದ’ ಅಂದೆ. ಆ ಮಾತಿನಿಂದಲೇ ವಿಮರ್ಶೆ ಶುರುಮಾಡು. ಏನನ್ನು ಆಸೆಪಟ್ಟು ಕೂತಿದ್ದೆ ಅಂತ ಹೇಳದಿದ್ದರೆ, ಏನು ಸಿಗಲಿಲ್ಲ ಅನ್ನುವುದು ಓದುವವರಿಗೆ ತಟ್ಟುವುದಿಲ್ಲ.

ಆಸೆಗೆ ಕಾರಣವೂ ಇತ್ತಲ್ಲ. ಡಗ್ ವಾಕರ್ 2007ರಲ್ಲಿ ಕ್ರಿಟಿಕ್‌ನ ಪಾತ್ರವನ್ನು ಶುರುಮಾಡಿದರು. ಹಳೆಯ ಸಿನಿಮಾಗಳ ತಪ್ಪು ಹೆಕ್ಕಿ ರೇಗಾಡುವ, ಟೈ ಕಟ್ಟಿ ಟೋಪಿ ಇಟ್ಟ ಮನುಷ್ಯ. ಸುತ್ತ ಅಂಥದೇ ವಿಮರ್ಶಕರ ಬಳಗ ಬೆಳೆಯಿತು. ಎಲ್ಲರೂ ಸೇರಿ 2010ರಲ್ಲಿ, ಅಮೆರಿಕದ ನೆವಾಡಾದಲ್ಲಿರುವ ಮೊಲೊಸಿಯಾ ಎಂಬ ಸ್ವಯಂಘೋಷಿತ ಪುಟಾಣಿ ದೇಶವನ್ನು ಗೆಲ್ಲಲು ಹೊರಡುವ ‘ಕಿಕ್‌ಆಶಿಯಾ’ ತೆಗೆದರು. ಮರುವರ್ಷ ‘ಸಬರ್ಬನ್ ನೈಟ್ಸ್’. 2012ರಲ್ಲಿ ಈ ಮೂರನೆಯದು, ವೈಜ್ಞಾನಿಕ ಕಲ್ಪನೆಯ ಸಿನಿಮಾಗಳ ಅಣಕ, ಮೂರು ಗಂಟೆಗೂ ಉದ್ದ. ಇಷ್ಟು ವರ್ಷ ಬೇರೆಯವರ ತಪ್ಪು ತೋರಿಸಿದವರು ತಾವೇ ಮಾಡಿದರೆ ಹೇಗಿರುತ್ತದೋ ಅಂತ ಕಾಯುವುದು ಸಹಜ.

ಅವರು ಮಾಡಿದ್ದನ್ನೂ ಗೌರವದಿಂದ ನೋಡು. ಒಂದು ಮನೆಯೇ ಆಕಾಶನೌಕೆಯಾಗಿ ಗುರುಗ್ರಹದ ಉಪಗ್ರಹ ಯುರೋಪಾದ ಕಡೆಗೆ ಹಾರುತ್ತದೆ. ಕಿಸೆಯಲ್ಲಿ ದುಡ್ಡಿಲ್ಲದವರ ಒಳ್ಳೆಯ ಕಲ್ಪನೆ ಇದು, ನನಗೆ ಇಷ್ಟವಾಯಿತು. ಅಲ್ಲಿ ಅವರಿಗೆ ಎದುರಾಗುವುದು ಕಥೆಯ ತೂತು. ಕಥೆಯಲ್ಲಿ ಲಾಜಿಕ್ ಕೈಕೊಟ್ಟಾಗ ವಿಮರ್ಶಕರು ಬಳಸುವ ಆ ಮಾತೇ ಇಲ್ಲಿ ಬಾಹ್ಯಾಕಾಶದಲ್ಲಿ ನಿಜವಾದ ತೂತಾಗಿ ಬಾಯಿ ತೆರೆದು ನಿಂತಿದೆ. ಕೊನೆಯಲ್ಲಿ ಕ್ರಿಟಿಕ್ ತನ್ನನ್ನೇ ಅದಕ್ಕೆ ಒಪ್ಪಿಸಿಕೊಳ್ಳುತ್ತಾನೆ. ಜೀವನವಿಡೀ ತೂತು ಎಣಿಸಿದವನು ತೂತಿನೊಳಗೇ ಹೋಗುವುದು! ಇದು ಸಣ್ಣ ಆಸೆಯಲ್ಲ. ನಿನ್ನ ವಿಮರ್ಶೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ ಅನ್ನುವುದು ನನಗೆ ನೋವು ತಂದಿತು. (ಆ ಪಾತ್ರ 2013ರಲ್ಲಿ ವಾಪಸು ಬಂದಿದ್ದು ಬೇರೆ ವಿಷಯ. ಅಂದು ಅತ್ತವರಿಗೆ ಅದು ಹೇಗಾಗಿರಬೇಕು ಅಂತ ನಾನು ಆಗಾಗ ಯೋಚಿಸುತ್ತೇನೆ.)

ಹಾಗಾದರೆ ಎಲ್ಲಿ ಕೆಟ್ಟಿತು? ನನಗೆ ಅನ್ನಿಸುವುದು ಇದು. ತಪ್ಪನ್ನು ತಾವೇ ಬೊಟ್ಟುಮಾಡಿ ತೋರಿಸಿದರೆ ಆ ತಪ್ಪು ಮಾಫಿ ಆಗುತ್ತದೆ ಅಂದುಕೊಂಡರು. ವಿಮರ್ಶೆಯಲ್ಲಿ ಬೊಟ್ಟುಮಾಡುವುದೇ ಕೆಲಸ, ಯಾಕೆಂದರೆ ಎದುರಿಗೆ ಬೇರೆ ಯಾರೋ ಕಟ್ಟಿದ ಸಿನಿಮಾ ನಿಂತಿರುತ್ತದೆ. ಸ್ವಂತ ಕಥೆಯಲ್ಲಿ ಹಾಗೆ ಮಾಡಿದರೆ ಬೆರಳಿನ ತುದಿಯಲ್ಲಿ ಏನೂ ಇರುವುದಿಲ್ಲ. ಎಲ್ಲರ ಮನೆ ದೋಸೆಯೂ ತೂತೇ, ನಿಜ. ಆದರೆ ದೋಸೆ ಹುಯ್ಯುವವರು ತೂತಿನ ಲೆಕ್ಕ ಇಡುವುದಿಲ್ಲ. ಹಿಟ್ಟು ಹುದುಗಿದೆಯೋ, ಕಾವಲಿ ಕಾದಿದೆಯೋ ನೋಡುತ್ತಾರೆ.

ಫಿನ್ಲೆಂಡಿನಲ್ಲೂ ಹವ್ಯಾಸಿಗಳು ಇಂಥದೇ ಒಂದನ್ನು ಮಾಡಿದರು. ‘ಸ್ಟಾರ್ ರೆಕ್: ಇನ್ ದಿ ಪಿರ್ಕಿನಿಂಗ್’, ಸುಮಾರು ಏಳು ವರ್ಷ ದುಡಿದು 2005ರಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ಕೊಟ್ಟರು. ಅದರಲ್ಲೂ ಒಂದು ತೂತಿದೆ. ಬಾಹ್ಯಾಕಾಶದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವ ಬಿಲಕ್ಕೆ ವರ್ಮ್‌ಹೋಲ್, ಅಂದರೆ ಹುಳದ ತೂತು, ಅನ್ನುವುದನ್ನು ಅಣಕಿಸಿ ಮ್ಯಾಗಟ್ ಹೋಲ್, ನೊಣದ ಮರಿಹುಳದ ತೂತು, ಅಂದಿದ್ದಾರೆ. ಆದರೆ ಆ ಬಿಲದಿಂದ ಅವರಿಗೆ ಕೆಲಸವಾಗುತ್ತದೆ. ಭೂಮಿಯನ್ನೇ ಕಬಳಿಸಿದ ಮೇಲೂ ತೃಪ್ತಿಯಿಲ್ಲದ ಕ್ಯಾಪ್ಟನ್ ಪಿರ್ಕ್ ಅದರ ಮೂಲಕ ಇನ್ನೊಂದು ವಿಶ್ವಕ್ಕೆ ನುಗ್ಗುತ್ತಾನೆ. ಅಣಕಕ್ಕೆ ಗುರಿಯಾದ ‘ಸ್ಟಾರ್ ಟ್ರೆಕ್’ನಂಥ ಧಾರಾವಾಹಿಗಳನ್ನು ನೋಡದವರಿಗೂ ಅವನ ದುರಾಸೆ ಅರ್ಥವಾಗುತ್ತದೆ, ಅಷ್ಟು ಸಾಕು.

ಇನ್ನೂ ಹಳೆಯದು ಬೇಕಾದರೆ ‘ಸ್ಟಾರ್ ವಾರ್ಸ್’ ಸಿನಿಮಾವನ್ನು ಅಣಕಿಸಿದ 1978ರ ‘ಹಾರ್ಡ್‌ವೇರ್ ವಾರ್ಸ್’ ನೋಡು. ಆಕಾಶನೌಕೆಯ ಜಾಗದಲ್ಲಿ ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆ ಹಾರುತ್ತದೆ. ರಾಜಕುಮಾರಿಯ ಎರಡೂ ಕಿವಿಯ ಮೇಲೆ ಕೂದಲ ಗಂಟಿನ ಬದಲು ಬೇಕರಿಯ ಸುರುಳಿ ಬನ್ನು. ಕಣ್ಣಿಗೆ ಬಿದ್ದ ತಕ್ಷಣ ನಗು ಬರುತ್ತದೆ. ಹದಿಮೂರು ನಿಮಿಷಕ್ಕೆ ಸಿನಿಮಾನೇ ಮುಗಿಯುತ್ತದೆ. ಅಣಕ ಬದುಕುವುದು ನೋಡುವವರ ನೆನಪಿನ ಸಾಲದ ಮೇಲೆ. ಆ ಸಾಲ ಹದಿಮೂರು ನಿಮಿಷಕ್ಕೆ ಧಾರಾಳವಾಗಿ ಸಿಗುತ್ತದೆ. ಮೂರು ಗಂಟೆಗೆ ಬೇಕಾದರೆ ಪಾತ್ರಗಳೇ ದುಡಿದು ತರಬೇಕು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಹತ್ತು ವರ್ಷ ಒಂದು ವಾರಪತ್ರಿಕೆಗೆ ನಾಟಕ ವಿಮರ್ಶೆ ಬರೆದ ಮೇಲೆ ಒಂದು ನಾಟಕ ಬರೆದೆ. ಎರಡನೇ ಅಂಕದಲ್ಲಿ ಕಳೆದುಹೋದ ಮಗ ಥಟ್ಟನೆ ಪ್ರತ್ಯಕ್ಷನಾಗುತ್ತಾನೆ. ಅದು ಸಲೀಸಾಯಿತು ಅಂತ ನನಗೇ ಗೊತ್ತಿತ್ತು. ಅದಕ್ಕೇ ತಂದೆಯ ಬಾಯಲ್ಲಿ ‘ಕಂಪನಿ ನಾಟಕದಲ್ಲಿ ಬಂದ ಹಾಗೆ ಬಂದೆಯಲ್ಲೋ’ ಅಂತ ಒಂದು ಮಾತು ಹಾಕಿದ್ದೆ. ತಾಲೀಮಿನಲ್ಲಿ ತಂದೆಯ ಪಾತ್ರದ ಹಿರಿಯ ನಟರು ಅಲ್ಲಿಗೆ ಬಂದು ನಿಂತುಬಿಟ್ಟರು. ಪ್ರತಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಕೇಳಿದರು, ‘ಈ ಮಾತು ನಾನು ಯಾರಿಗೆ ಹೇಳ್ತಿದೀನಿ? ಹನ್ನೆರಡು ವರ್ಷ ಆದ್ಮೇಲೆ ಮಗ ಬಂದಿದಾನೆ.’ ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಮಾತನ್ನು ತಂದೆ ಮಗನಿಗೆ ಹೇಳುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂರಲಿದ್ದ ವಿಮರ್ಶಕರಿಗೆ ನಾನೇ ಹೇಳುತ್ತಿದ್ದೆ. ಆ ಸಾಲನ್ನು ಹೊಡೆದುಹಾಕಿದೆ. ಅಲ್ಲಿ ಅವರು ಏನೂ ಮಾತಾಡದೆ ಮಗನ ಚಪ್ಪಲಿಯನ್ನು ನೋಡುತ್ತಾ ನಿಂತರು, ದೃಶ್ಯ ಗಟ್ಟಿಯಾಗಿ ನಿಂತಿತು.

ಈಗ ನಿನ್ನ ಕಥೆ. ತಾರಸಿಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಕೂತು ಚಂದ್ರನಿಗೆ ಹೊರಟ ನಿವೃತ್ತ ಲೈನ್‌ಮನ್. ಓದುತ್ತಾ ಗಟ್ಟಿಯಾಗಿ ನಕ್ಕೆ. ನಾಲ್ಕನೇ ಪುಟದಲ್ಲಿ ಅವನು ಓದುಗರ ಕಡೆ ತಿರುಗಿ, ‘ಟ್ಯಾಂಕು ಹೇಗೆ ಹಾರುತ್ತೆ ಅಂತ ಕೇಳಬೇಡಿ, ಕಥೆ ಬರೆಯೋಳಿಗೂ ಗೊತ್ತಿಲ್ಲ’ ಅನ್ನುತ್ತಾನೆ. ವಿಮರ್ಶೆಯಲ್ಲಿ ನೀನು ಯಾವುದಕ್ಕೆ ಸಿಟ್ಟಾದೆಯೋ ಅದನ್ನೇ ಇಲ್ಲಿ ಮಾಡಿದ್ದೀಯ. ಆ ಸಾಲು ತೆಗೆದುಹಾಕು. ಮೂರು ಪುಟದಿಂದ ನಾನು ಅವನ ಜೊತೆ ಟ್ಯಾಂಕಿನೊಳಗೇ ಕೂತಿದ್ದೇನೆ. ಅದು ಹಾರುತ್ತದೆ ಅಂತ ಆಗಲೇ ಒಪ್ಪಿಕೊಂಡಾಗಿದೆ.

ಅದರ ಬದಲು ಒಳಗೆ ಏನಿದೆ ತೋರಿಸು. ಪಾಚಿಯ ವಾಸನೆ ಇರಬೇಕಲ್ಲ? ಮೊಣಕಾಲುದ್ದ ನೀರು ಉಳಿದಿದೆಯೋ, ಖಾಲಿ ಮಾಡಿ ಹತ್ತಿದನೋ? ಮುಚ್ಚಳ ಒಳಗಿನಿಂದ ಹಾಕಿಕೊಳ್ಳಲು ಬರುವುದಿಲ್ಲ, ಯಾರೋ ಹೊರಗಿನಿಂದ ಹಾಕಬೇಕು. ಯಾರು ಹಾಕಿದರು? ಹೆಂಡತಿಯೇ ಆದರೆ ಏನಂದಳು? ಬೆಳಗ್ಗೆ ಆರಕ್ಕೆ ಕೆಳಗೆ ಅವಳು ಎಂದಿನಂತೆ ಮೋಟರ್ ಹಾಕುತ್ತಾಳೆ ಅಂತ ನಿನ್ನ ಎರಡನೇ ಪುಟದಲ್ಲೇ ಇದೆ. ಇವನಿನ್ನೂ ಹೊರಟಿಲ್ಲ, ಪೈಪಿನಲ್ಲಿ ನೀರು ಏರುವ ಸದ್ದು ಕೇಳಿಸುತ್ತಿದೆ. ಅಲ್ಲಿಂದ ಮುಂದೆ ಬರೆದು ಕಳಿಸು, ಕಾಯುತ್ತಿರುತ್ತೇನೆ.

ನಿನ್ನ
ಅಕ್ಕ