ಜೀಪಿಗೆ ಡಿಸ್ಕ್ ಹ್ಯಾಂಡ್‌ಬ್ರೇಕ್ ಹಾಕಿಸುವ ಮುನ್ನ ಆಯಿಲ್ ಸೀಲ್ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಕ್ಯಾತನಮಕ್ಕಿ, ದೇವರಮನೆ ಕಡೆಯ ಏರುದಾರಿಗಳಲ್ಲಿ ಜೀಪುಗಳು ಸಾಲುಗಟ್ಟಿ ನಿಲ್ಲುತ್ತವೆ. ನಿಂತ ಕೂಡಲೇ ಯಾರಾದರೂ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಒಳ್ಳೆಯ ಅಭ್ಯಾಸ, ಬಿಡಬಾರದು. ಆದರೆ ಹ್ಯಾಂಡ್‌ಬ್ರೇಕ್ ಹಿಡಿಯುವುದೇ ಇಲ್ಲ ಎಂಬ ಕಾರಣಕ್ಕೆ ಕಲ್ಲನ್ನೇ ನಂಬಿದರೆ, ನೆನೆದ ಜೇಡಿಮಣ್ಣಿನಲ್ಲಿ ಆ ಕಲ್ಲೂ ಚಕ್ರದ ಜೊತೆಗೇ ಜಾರುತ್ತದೆ. ಇತ್ತೀಚೆಗೆ ಹಲವರು ಹಳೆ ಹ್ಯಾಂಡ್‌ಬ್ರೇಕ್ ಕಿತ್ತು ಡಿಸ್ಕ್ ಹಾಕಿಸಲು ಗ್ಯಾರೇಜಿಗೆ ಬರುತ್ತಿದ್ದಾರೆ. ಅಂಥವರಿಗಾಗಿ ಈ ಪತ್ರ.

ಮೊದಲು ಲೆಕ್ಕ. ಜನ, ಸಾಮಾನು ಸೇರಿ 1,800 ಕೆ.ಜಿ. ತೂಗುವ ಜೀಪು 18% ಇಳಿಜಾರಿನಲ್ಲಿ, ಅಂದರೆ 100 ಮೀಟರಿಗೆ 18 ಮೀಟರ್ ಏರುವ ದಾರಿಯಲ್ಲಿ ನಿಂತರೆ, ಅದನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 320 ಕೆ.ಜಿ. ಪೂರ್ತಿ ಲೋಡಿನಲ್ಲಿ ಇಷ್ಟು ಇಳಿಜಾರನ್ನು ಹಿಡಿಯಬೇಕು ಎಂಬುದು ವಿಶ್ವಸಂಸ್ಥೆಯ 13ನೇ ವಾಹನ ನಿಯಮದ ಅಳತೆ. ತೋಟದ ದಾರಿ 30% ಇದ್ದರೆ ಎಳೆತ 515 ಕೆ.ಜಿ. ದಾಟುತ್ತದೆ. ಇದರ ಮೇಲೆ ದೊಡ್ಡ ಟೈರು ಹಾಕಿಸುವ ಆಸೆ ಬೇರೆ. ಟೈರಿನ ನಡುವಿನಿಂದ ನೆಲಕ್ಕಿರುವ ಅಳತೆ 35 ಸೆಂ.ಮೀ.ನಿಂದ 39ಕ್ಕೆ ಏರಿದರೆ ಹ್ಯಾಂಡ್‌ಬ್ರೇಕಿನ ಮೇಲಿನ ಭಾರ 11% ಹೆಚ್ಚುತ್ತದೆ. ಟೈರು ಬದಲಿಸುವಾಗ ಈ ಮಾತು ಯಾರಿಗೂ ನೆನಪಾಗುವುದಿಲ್ಲ.

ಬೊಲೆರೊ, ಜಿಮ್ನಿಯಂಥವುಗಳಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ಹಿಂದಿನ ಎರಡೂ ಚಕ್ರಗಳ ಡ್ರಮ್ಮಿಗೆ ಹೋಗುತ್ತದೆ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಡ್ರಮ್ಮು ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಿಂದೆ, ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಬುಡದಲ್ಲಿ ಒಂದೇ ಒಂದು ಇರುತ್ತದೆ. ಹಿಂದಿನ ಆಕ್ಸಲ್ ಹೌಸಿಂಗಿನ ಗೇರ್ ಅನುಪಾತ 5.38 ಇದ್ದರೆ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟು 5.38 ಸುತ್ತು ತಿರುಗುವಂತಿದ್ದರೆ, ಚಕ್ರದಲ್ಲಿ ಬೇಕಾದ ಹಿಡಿತದ ಐದನೇ ಒಂದು ಭಾಗಕ್ಕಿಂತ ಕಡಿಮೆ ಶಾಫ್ಟಿನಲ್ಲಿ ಸಾಕು. ಹಾಗಾಗಿ ಸಣ್ಣ ಡ್ರಮ್ಮಾದರೂ, ಸರಿಯಾಗಿದ್ದರೆ, ಕಲ್ಲಿನಂತೆ ಹಿಡಿಯುತ್ತದೆ.

ಅದು ಕೆಡಲು ಹೆಚ್ಚಿನ ಪಾಲು ಕಾರಣ ಆಯಿಲ್. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಸೀಲ್ ಸವೆದು 90ರ ಗೇರ್ ಆಯಿಲ್ ಸಣ್ಣಗೆ ಜಿನುಗಿ, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನರ್ ಮೇಲೆ ಕೂರುತ್ತದೆ. ಡ್ರಮ್ ಬಿಚ್ಚಿದರೆ ಲೈನರ್ ಕಪ್ಪಗೆ ಹೊಳೆಯುತ್ತಿರುತ್ತದೆ, ಉಗುರಿನಿಂದ ಗೀರಿದರೆ ಜಿಡ್ಡು ಬರುತ್ತದೆ. ಅದನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿ ತೋರಿಸಿ ಮತ್ತೆ ಹಾಕುವವರಿದ್ದಾರೆ. ಆಯಿಲ್ ಕುಡಿದ ಲೈನರ್ ಎರಡು ದಿನ ಹಿಡಿದಂತೆ ಮಾಡಿ, ಬಿಸಿಯಾದಾಗ ಮತ್ತೆ ಜಿಡ್ಡು ಬಿಡುತ್ತದೆ. ಹೊಸದೇ ಹಾಕಬೇಕು. ಅದಕ್ಕೂ ಮೊದಲು ಸೀಲ್, ಸೀಲಿಗೂ ಮೊದಲು ಟ್ರಾನ್ಸ್‌ಫರ್ ಕೇಸಿನ ಗಾಳಿ ಹೊರಬಿಡುವ ಬ್ರೀದರ್ ನೋಡಬೇಕು. ಬ್ರೀದರಿನ ತೂತಿಗೆ ಕೆಸರು ಕಟ್ಟಿದರೆ ಒಳಗಿನ ಬಿಸಿಗಾಳಿ ಆಯಿಲನ್ನು ಹೊಸ ಸೀಲಿನಿಂದಲೂ ಹೊರಗೆ ನೂಕುತ್ತದೆ. ಸೀಲ್ ಕೂರುವ ಜಾಗದಲ್ಲಿ, ಶಾಫ್ಟು ಜೋಡಿಸುವ ಯೋಕ್ ಮೇಲೆ ಉಗುರು ಸಿಕ್ಕುವಷ್ಟು ಗೆರೆ ಬಿದ್ದಿದ್ದರೆ ಅಲ್ಲಿಗೆ ಸ್ಲೀವ್ ಹಾಕಿಸಿ, ಇಲ್ಲವೇ ಯೋಕ್ ಬದಲಿಸಿ. ಇದಿಷ್ಟೂ ಮಾಡದೆ ಡಿಸ್ಕ್ ಕೂರಿಸಿದರೆ ಅದೇ ಆಯಿಲ್ ಹೊಸ ಪ್ಯಾಡಿನ ಮೇಲೆ ಬೀಳುತ್ತದೆ.

ಡಿಸ್ಕಿಗೆ ಲಾಭವಿದೆ. ಹೊಳೆ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು, ಮರಳು ನಿಲ್ಲುವಂತೆ ಅಲ್ಲಿ ನಿಲ್ಲುವುದಿಲ್ಲ. ಪ್ಯಾಡ್ ಬದಲಿಸುವುದೂ ಸುಲಭ. ಆದರೆ ಡ್ರಮ್ಮಿನಲ್ಲಿ ಲೈನರ್ ಹೊತ್ತ ಶೂ ತಾನೇ ತಿರುಗುವ ಕಡೆಗೆ ಎಳೆದುಕೊಂಡು ಇನ್ನಷ್ಟು ಬಿಗಿಯುತ್ತದೆ, ಡಿಸ್ಕಿನಲ್ಲಿ ಆ ಸಹಾಯ ಸಿಗುವುದಿಲ್ಲ. ಲಿವರಿನಿಂದ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನವರೆಗೆ ಪೂರ್ತಿ ಬಲ ನಮ್ಮ ಕೈಯದೇ. ಕೇಬಲ್ ಎಲ್ಲೂ ಮೊಂಡಾಗಿ ಮಡಚಿರಬಾರದು, ಸೈಲೆನ್ಸರ್ ಪೈಪಿಗೆ ತಾಗಬಾರದು.

ಬ್ರಾಕೆಟ್ ವಿಷಯದಲ್ಲಿ ಆಗುವ ತಪ್ಪು ದೊಡ್ಡದು. ಕ್ಯಾಲಿಪರಿನ ಬ್ರಾಕೆಟ್ಟನ್ನು ಚಾಸಿಸ್ಸಿಗೆ ವೆಲ್ಡ್ ಮಾಡಿಬಿಡುತ್ತಾರೆ. ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು ರಬ್ಬರ್ ಮೌಂಟಿನ ಮೇಲೆ ಅಲುಗಾಡುತ್ತವೆ, ಚಾಸಿಸ್ ಅಲುಗುವುದಿಲ್ಲ. ಡಿಸ್ಕ್ ಒಂದು ಕಡೆ, ಕ್ಯಾಲಿಪರ್ ಇನ್ನೊಂದು ಕಡೆ ಎಳೆದಾಡಿ ಪ್ಯಾಡ್ ಓರೆಯಾಗಿ ಸವೆಯುತ್ತದೆ, ವೆಲ್ಡಿಂಗ್ ಬಿರುಕು ಬಿಡುತ್ತದೆ. ಬ್ರಾಕೆಟ್ ಟ್ರಾನ್ಸ್‌ಫರ್ ಕೇಸಿನ ಮೇಲೆಯೇ, ಹಳೆ ಬ್ಯಾಕ್‌ಪ್ಲೇಟಿನ ಬೋಲ್ಟುಗಳಿಗೇ ಕೂರಬೇಕು. ಶಾಫ್ಟಿಗೆ ಹಳೆಯದಕ್ಕಿಂತ ಡಿಸ್ಕಿನ ದಪ್ಪದಷ್ಟು ಹೆಚ್ಚು ಉದ್ದದ ಹೈಟೆನ್ಸೈಲ್ ಬೋಲ್ಟು ಬೇಕು. ಪ್ರೊಪೆಲ್ಲರ್ ಶಾಫ್ಟನ್ನು ಉದ್ದ, ಗಿಡ್ಡ ಮಾಡುವ ಸ್ಲಿಪ್ ಜಾಯಿಂಟ್ ಅಷ್ಟೇ ಒಳಗೆ ಹೋಗುತ್ತದಾದ್ದರಿಂದ, ಪಟ್ಟಾ ಪೂರ್ತಿ ಮೇಲೆ ಬಂದಾಗಲೂ ಅದಕ್ಕೆ ಜಾಗ ಉಳಿದಿದೆಯೇ ಎಂದು ಅಳೆದು ನೋಡಬೇಕು.

ಡ್ರಮ್ಮೋ ಡಿಸ್ಕೋ, ಶಾಫ್ಟಿನ ಬ್ರೇಕಿಗೆ ಒಂದು ಮಿತಿ ಇದ್ದೇ ಇದೆ. ಪಂಕ್ಚರಾಗಿ ಹಿಂದಿನ ಒಂದು ಚಕ್ರಕ್ಕೆ ಜ್ಯಾಕ್ ಕೊಟ್ಟಿರಿ ಎನ್ನಿ. ಎತ್ತಿದ ಚಕ್ರ ಗಾಳಿಯಲ್ಲಿ ಮೆಲ್ಲಗೆ ಹಿಮ್ಮುಖವಾಗಿ ತಿರುಗತೊಡಗುತ್ತದೆ, ನೆಲದ ಮೇಲಿರುವ ಚಕ್ರ ಇಳಿಜಾರಿನತ್ತ ಉರುಳುತ್ತದೆ. ಶಾಫ್ಟು ಮಾತ್ರ ಅಲುಗದೆ ನಿಂತಿರುತ್ತದೆ. ಎರಡೂ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲಿನ ಗುಣವೇ ಅದು. ಒಂದು ಚಕ್ರ ಜಾರುವ ಕೆಸರಿನಲ್ಲಿದ್ದರೂ ಇದೇ ಕಥೆ. ಆದ್ದರಿಂದ ಜ್ಯಾಕ್ ಕೊಡುವ ಮುನ್ನ ಫೋರ್ ವೀಲ್ ಹಾಕಿ, ಮುಂದೆ ಫ್ರೀವೀಲ್ ಹಬ್ ಇದ್ದರೆ ಲಾಕ್ ಮಾಡಿ, ಉಳಿದ ಚಕ್ರಗಳಿಗೆ ಮರದ ಬೆಣೆ ಕೊಡಿ. ಓಡುವ ಜೀಪಿನಲ್ಲಿ ಈ ಬ್ರೇಕ್ ಎಳೆಯಲೇಬಾರದು. ಜಾಯಿಂಟ್ ಅಥವಾ ಆಕ್ಸಲ್ ಮುರಿಯುತ್ತದೆ.

ಹಿಂದಿನ ಚಕ್ರಗಳಿಗೆ ಕೇಬಲ್ ಇರುವ ಗಾಡಿಗಳಲ್ಲಿ ರೋಗ ಬೇರೆ. ಲೈನರ್ ಸವೆದಾಗ ಶೂ ಅಡ್ಜಸ್ಟ್ ಮಾಡದೆ ಕೇಬಲ್ಲಿನ ನಟ್ಟನ್ನೇ ಬಿಗಿಯುತ್ತಾ ಹೋಗುತ್ತಾರೆ. ಮೊದಲು ಶೂ, ಕೊನೆಗೆ ಕೇಬಲ್. ಲಿವರ್ ಐದಾರು ಕ್ಲಿಕ್ಕಿಗೆ ಹಿಡಿಯಬೇಕು, ಬಿಟ್ಟಾಗ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು.

ಬ್ರೇಕ್ ಆಯಿಲಿನ ಒತ್ತಡವನ್ನು ಪೈಪಿನಲ್ಲೇ ಹಿಡಿದಿಡುವ ಹೈಡ್ರಾಲಿಕ್ ಲೈನ್‌ಲಾಕನ್ನು ಹ್ಯಾಂಡ್‌ಬ್ರೇಕೆಂದು ನಂಬಬೇಡಿ. ಎಲ್ಲಾದರೂ ಕೂದಲೆಳೆಯಷ್ಟು ಸೋರಿದರೆ ರಾತ್ರಿ ಬೆಳಗಾಗುವುದರೊಳಗೆ ಒತ್ತಡ ಇಳಿದಿರುತ್ತದೆ. ಬ್ರೇಕ್ ಬದಲಿಸುವ ಮುನ್ನ ವಾಹನದ ಮಾರ್ಪಾಡಿಗೆ ಸಂಬಂಧಿಸಿದ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಗ್ಗೆ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳುವುದು ಕ್ಷೇಮ.

ಸಮತಟ್ಟಾದ ಅಂಗಳದಲ್ಲಿ ಲಿವರ್ ಎಳೆದು ನೋಡಿದರೆ ಏನೂ ತಿಳಿಯುವುದಿಲ್ಲ. ಪ್ರವಾಸಿಗರನ್ನು ಹತ್ತಿಸಿಕೊಳ್ಳುವ ಜಾಗಗಳಲ್ಲಿ 6 ಮೀಟರ್ ಉದ್ದಕ್ಕೆ 1 ಮೀಟರ್ 8 ಸೆಂ.ಮೀ. ಏರುವ ಒಂದು ಕಾಂಕ್ರೀಟ್ ಇಳಿಜಾರು ಕಟ್ಟಿಸಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇವೆ. ಲೋಡ್ ಹಾಕಿ ಜೀಪು ಹತ್ತಿಸಿ, ಚಕ್ರದಿಂದ ಒಂದು ಗೇಣು ದೂರದಲ್ಲಿ ಬೆಣೆ ಇಟ್ಟು, ನ್ಯೂಟ್ರಲ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಮೆಲ್ಲಗೆ ತೆಗೆದು ಐದು ನಿಮಿಷ ನಿಲ್ಲಿಸಬೇಕು. ಮುಖ ಮೇಲಕ್ಕೆ ಮಾಡಿ ಒಮ್ಮೆ, ಕೆಳಕ್ಕೆ ಮಾಡಿ ಇನ್ನೊಮ್ಮೆ. ಮುಂಗಾರಿಗೆ ಮುನ್ನ ಇದಾಗಲಿ.

– ಕೆಲವು ಜೀಪ್ ಮೆಕ್ಯಾನಿಕ್‌ಗಳು, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ