ಉತ್ಸವದ ವೇದಿಕೆಯಲ್ಲಿ ನಮ್ಮ ರಾಕ್ ತಂಡಗಳಿಗೂ ಸರಿಯಾದ ಸಮಯ ಕೊಡಿ

ಮಾನ್ಯ ಸಂಪಾದಕರೇ,

ಗಣೇಶೋತ್ಸವದ ಸಿದ್ಧತಾ ಸಭೆಗಳು ಬೆಂಗಳೂರಿನ ಬಡಾವಣೆಗಳಲ್ಲಿ ಶುರುವಾಗಿವೆ. ಸಂಜೆಯ ಕಾರ್ಯಕ್ರಮಗಳ ಪಟ್ಟಿಯಲ್ಲಿ ಹರಿಕಥೆ, ಸುಗಮ ಸಂಗೀತ, ಆರ್ಕೆಸ್ಟ್ರಾಗಳ ಜೊತೆಗೆ ಸ್ಥಳೀಯ ರಾಕ್ ತಂಡಗಳ ಹೆಸರೂ ಅಲ್ಲಲ್ಲಿ ಕಾಣುತ್ತಿರುವುದು ಸಂತೋಷದ ವಿಷಯ. ಆದರೆ ಹಾಗೆ ಕರೆಸಿಕೊಂಡ ಮೇಲೆ ಆ ಹುಡುಗ ಹುಡುಗಿಯರನ್ನು ನಾವು ನಡೆಸಿಕೊಳ್ಳುತ್ತಿರುವ ರೀತಿ ಸರಿಯಿಲ್ಲ. ಈ ಬಗ್ಗೆ ಉತ್ಸವ ಸಮಿತಿಗಳಲ್ಲಿ ಮತ್ತು ಅನುಮತಿ ನೀಡುವ ಅಧಿಕಾರಿಗಳಲ್ಲಿ ವಿನಂತಿಸಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ವರ್ಷ ನಮ್ಮ ಬಡಾವಣೆಯ ಉತ್ಸವದಲ್ಲಿ ನಮ್ಮದೇ ರಸ್ತೆಯ ಯುವಕರ ತಂಡವೊಂದಕ್ಕೆ ಸಂಜೆ ಏಳೂವರೆಯ ಸಮಯ ಗೊತ್ತಾಗಿತ್ತು. ಆಹ್ವಾನ ಪತ್ರಿಕೆಯಲ್ಲೂ ಹಾಗೆಯೇ ಅಚ್ಚಾಗಿತ್ತು. ಮುಖ್ಯ ಅತಿಥಿಗಳು ತಡವಾಗಿ ಬಂದರು. ಅವರ ಭಾಷಣ, ದಾನಿಗಳಿಗೆ ಶಾಲು, ಹಾರ, ಫಲತಾಂಬೂಲ, ಪ್ರತಿಯೊಬ್ಬರ ಜೊತೆಗೂ ಫೋಟೊ ಎಲ್ಲ ಮುಗಿಯುವಾಗ ಒಂಬತ್ತೂವರೆ ದಾಟಿತ್ತು. ಆ ಮೇಲೆ ವೇದಿಕೆಯ ಕುರ್ಚಿಗಳನ್ನು ತೆಗೆದು ಡ್ರಮ್ಸ್ ಜೋಡಿಸಬೇಕಾಯಿತು. ಹಲಗೆಯ ವೇದಿಕೆಯ ಮೇಲೆ ಡ್ರಮ್ಸ್ ನೇರವಾಗಿ ಇಟ್ಟರೆ ಪ್ರತಿ ಹೊಡೆತಕ್ಕೂ ದೊಡ್ಡ ಡ್ರಮ್ ಮುಂದಕ್ಕೆ ಜಾರುತ್ತದೆ. ಶಾಮಿಯಾನದವರಿಂದ ಜಮಖಾನ ಕೇಳಿ ತಂದು ಹಾಸಿ, ಅದಕ್ಕೂ ನಿಲ್ಲದಿದ್ದಾಗ ಎದುರಿಗೆ ಒಂದು ಇಟ್ಟಿಗೆ ಇಟ್ಟು ಕಟ್ಟಿದರು. ಮೊದಲ ಹಾಡಿನಲ್ಲಿ ಗಾಯಕಿಯ ದನಿ ಕೇಳಲಿಲ್ಲ, ಎರಡನೆಯದರಲ್ಲಿ ಮೈಕ್ ಕೂಗಿಕೊಂಡಿತು, ಮೂರನೆಯದರಲ್ಲಿ ಎಲ್ಲ ಹದಕ್ಕೆ ಬಂದು ಹಿಂದಿನ ಸಾಲಿನ ಮಕ್ಕಳು ಎದ್ದು ಮುಂದೆ ಬಂದರು. ಅಷ್ಟರಲ್ಲಿ ಹತ್ತು ಗಂಟೆಯಾಗಿ ಪೊಲೀಸರು ನಿಲ್ಲಿಸಲು ಹೇಳಿದರು. ತಿಂಗಳುಗಟ್ಟಲೆ, ಕೆಲಸ ಮುಗಿಸಿ ಬಂದು ರಾತ್ರಿ ಅಭ್ಯಾಸ ಮಾಡಿದವರಿಗೆ ಸಿಕ್ಕಿದ್ದು ಇಷ್ಟೇ.

ಪೊಲೀಸರನ್ನು ದೂರುವಂತಿಲ್ಲ. ಶಬ್ದಮಾಲಿನ್ಯ ನಿಯಂತ್ರಣದ 2000ನೇ ಇಸವಿಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದಾದರೂ ಅದು ಸಮಿತಿಗಳ ಕೈಯಲ್ಲಿರುವ ಮಾತಲ್ಲ. ಹತ್ತು ಗಂಟೆಗೆ ನಿಲ್ಲಿಸಲೇಬೇಕೆಂಬುದು ಎಲ್ಲರಿಗೂ ಮೊದಲೇ ಗೊತ್ತಿರುವಾಗ, ಭಾಷಣಗಳು ನುಂಗಿದ ಹೊತ್ತನ್ನು ಪ್ರತಿ ಸಲವೂ ಸ್ಥಳೀಯ ಕಲಾವಿದರ ಪಾಲಿನಿಂದಲೇ ಕಡಿಯುವುದು ಅನ್ಯಾಯ. ಸಿನಿಮಾ ತಾರೆಯ ಐದು ನಿಮಿಷಕ್ಕೆ ಯಾರೂ ಕತ್ತರಿ ಹಾಕುವುದಿಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ವೃತ್ತಿಜೀವನವಿಡೀ ವಿದ್ಯುತ್ ಕೆಲಸದಲ್ಲೇ ಕಳೆದವನಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾ ಹಾಡುವವರ ಬೆರಳುಗಳು ಲೋಹದ ತಂತಿಗಳ ಮೇಲಿರುತ್ತವೆ, ತುಟಿ ಮೈಕಿನ ಲೋಹದ ಜಾಲರಿಗೆ ತಾಗುತ್ತಿರುತ್ತದೆ. ಗಿಟಾರಿನ ತಂತಿಗಳು ಆಂಪ್ಲಿಫೈಯರ್ ಮೂಲಕವೂ ಮೈಕಿನ ಜಾಲರಿ, ಎಲ್ಲ ಮೈಕುಗಳ ದನಿಯನ್ನು ಕೂಡಿಸುವ ಸೌಂಡ್ ಮಿಕ್ಸರ್ ಮೂಲಕವೂ ಅರ್ಥಿಂಗ್‌ಗೆ ಸೇರಿರಬೇಕು. ಆಂಪ್ಲಿಫೈಯರಿಗೆ ಒಂದು ಕಡೆಯಿಂದ, ಮಿಕ್ಸರಿಗೆ ಇನ್ನೊಂದು ಕಡೆಯಿಂದ ಕರೆಂಟ್ ಎಳೆದಿದ್ದು, ಎರಡರಲ್ಲೊಂದಕ್ಕೆ ಅರ್ಥಿಂಗ್ ಇಲ್ಲದೆ ಸೋರಿಕೆಯೂ ಇದ್ದರೆ, ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ಕರೆಂಟ್ ಹರಿಯುವುದು ಹಾಡುವವರ ಮೈಯ ಮೂಲಕ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸೀಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕರು ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣ ಕಳೆದುಕೊಂಡರು. ನಮ್ಮ ಪೆಂಡಾಲುಗಳಲ್ಲಿ ಸೀರಿಯಲ್ ಸೆಟ್ಟು, ಫೋಕಸ್ ಲೈಟು, ಪ್ರಸಾದದ ಕೌಂಟರಿನ ಗ್ರೈಂಡರ್ ಎಲ್ಲವನ್ನೂ ವೇದಿಕೆಯ ಬೋರ್ಡಿಗೇ ಸಿಕ್ಕಿಸಿರುತ್ತಾರೆ. ಪ್ಲಗ್ಗಿನ ಮೂರನೆಯ ಪಿನ್ ಸಾಕೆಟ್ಟಿಗೆ ಹೊಂದಲಿಲ್ಲವೆಂದು ಬರಿಯ ಎರಡು ವೈರುಗಳನ್ನು ಬೆಂಕಿಕಡ್ಡಿ ಇಟ್ಟು ತುರುಕಿದ್ದನ್ನೂ ನೋಡಿದ್ದೇನೆ. ಭಾದ್ರಪದದ ಮಳೆಗೆ ನೆಲ ಒದ್ದೆಯಾಗಿರುತ್ತದೆ. ವೇದಿಕೆಯ ವಾದ್ಯಗಳಿಗೂ ಮಿಕ್ಸರಿಗೂ ಅರ್ಥಿಂಗ್ ಇರುವ ಒಂದೇ ಬೋರ್ಡಿನಿಂದ ಸಂಪರ್ಕ, ಅದಕ್ಕೆ ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಒಂದು ಆರ್‌ಸಿಸಿಬಿ ಸ್ವಿಚ್ಚು, ಅಲಂಕಾರದ ದೀಪಗಳಿಗೆ ಪ್ರತ್ಯೇಕ ಲೈನು, ಜನರೇಟರ್ ಇದ್ದರೆ ಅದಕ್ಕೂ ಅರ್ಥಿಂಗ್: ಇಷ್ಟನ್ನು ಮಾಡಿಸಲು ತಗಲುವ ಹಣ ಹೂವಿನ ಅಲಂಕಾರದ ಖರ್ಚಿನ ಮುಂದೆ ಏನೇನೂ ಅಲ್ಲ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಇದನ್ನು ಪರೀಕ್ಷಿಸದೆ ಯಾರನ್ನೂ ಮೈಕಿನ ಮುಂದೆ ನಿಲ್ಲಿಸಬಾರದು.

ದೇವರ ಸನ್ನಿಧಿಯಲ್ಲಿ ರಾಕ್ ಸಂಗೀತವೇಕೆ ಎಂದು ಕೇಳುವ ಹಿರಿಯರು ನಮ್ಮ ಸಮಿತಿಯಲ್ಲೂ ಇದ್ದಾರೆ. ಅವರ ಭಾವನೆಯ ಬಗ್ಗೆ ನನಗೆ ಗೌರವವಿದೆ. ಚಾಮರಾಜಪೇಟೆಯ ಕೋಟೆ ಶಾಲೆಯ ಮೈದಾನದಲ್ಲಿ ಶ್ರೀರಾಮ ಸೇವಾ ಮಂಡಳಿಯವರು ನಡೆಸುವ ರಾಮನವಮಿ ಕಚೇರಿಗಳಲ್ಲಿ ಪಾನಕ, ಕೋಸಂಬರಿಯ ಜೊತೆಗೆ ಸಂಗೀತದ ರುಚಿ ಹತ್ತಿಸಿಕೊಂಡವರಲ್ಲಿ ನಾನೂ ಒಬ್ಬ. 1939ರಲ್ಲಿ ಸ್ಥಾಪನೆಯಾದ ಆ ಮಂಡಳಿಯ ಚಪ್ಪರ ಈ ಊರಿಗೆ ಕಲಿಸಿದ್ದೇನೆಂದರೆ, ಒಳ್ಳೆಯ ಸಂಗೀತಕ್ಕೆ ಹಬ್ಬದ ಹೆಸರಿನಲ್ಲಿ ನಾಲ್ಕು ಜನ ಸೇರುವ ಜಾಗ ಬೇಕು ಮತ್ತು ಅಲ್ಲಿ ಶ್ರದ್ಧೆಯಿಂದ ಮಾಡಿದ ಏರ್ಪಾಡು ಬೇಕು. ರಾಕ್ ತಂಡದವರು ಕೇಳುತ್ತಿರುವುದೂ ಅದನ್ನೇ. ಕನ್ನಡದ ಮಟ್ಟಿಗಂತೂ ಈ ಸಂಗೀತ ಪರಕೀಯವಾಗಿ ಉಳಿದಿಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರು ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರ್, ಡ್ರಮ್ಸ್‌ಗಳೊಂದಿಗೆ ಹಾಡಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೆ ಹೋಗಿಬಂದರು. ಷರೀಫರನ್ನು ಪಠ್ಯಪುಸ್ತಕದಲ್ಲಿ ಓದಿ ಮರೆತಿದ್ದ ಹುಡುಗರು ಇಂದು ಆ ಪದಗಳನ್ನು ಪೂರ್ತಿಯಾಗಿ ಬಾಯಲ್ಲಿ ಹೇಳುತ್ತಾರೆ. ಇಂತಹ ಹಾಡುಗಳು ಗಣಪತಿಯ ಮುಂದೆ ಸಲ್ಲುವುದಿಲ್ಲವೆಂದು ನಾನು ಒಪ್ಪಲಾರೆ.

ಬೆಂಗಳೂರಿನ ರಾಕ್ ತಂಡಗಳ ಪರಂಪರೆ ಚಿಕ್ಕದೇನಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ ಶುರುವಾದದ್ದು 1996ರಲ್ಲಿ. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. ಸ್ವಾತಂತ್ರ್ಯೋತ್ಸವದ ಆಸುಪಾಸಿನಲ್ಲಿ ನಡೆಯುತ್ತಾ ಬಂದ ಫ್ರೀಡಂ ಜ್ಯಾಮ್‌ನ ಉಚಿತ ವೇದಿಕೆಯಲ್ಲಿ ಎಷ್ಟೋ ಹೊಸ ತಂಡಗಳು ಮೊದಲ ಬಾರಿಗೆ ಜನರೆದುರು ನಿಂತವು. ಇಷ್ಟಾದರೂ ವರ್ಷದ ಉಳಿದ ದಿನಗಳಲ್ಲಿ ಇವರು ನೆಚ್ಚಿಕೊಂಡಿದ್ದುದು ಪಬ್ಬು, ರೆಸ್ಟೋರೆಂಟುಗಳನ್ನೇ. ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯಗೊಳಿಸಿದ 2005ರ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಅಂತಹ ಹಲವು ಕಡೆ ನೇರ ಸಂಗೀತವೇ ನಿಂತುಹೋಯಿತು. ಪಬ್ಬಿಗೆ ಹೇಗೂ ಅಜ್ಜಿಯರು ಬರುವುದಿಲ್ಲ, ಶಾಲಾ ಮಕ್ಕಳು ಬರುವುದಿಲ್ಲ, ಇಸ್ತ್ರಿ ಅಂಗಡಿಯವರು ಬರುವುದಿಲ್ಲ. ಬಡಾವಣೆಯ ಉತ್ಸವಕ್ಕೆ ಇವರೆಲ್ಲರೂ ಬರುತ್ತಾರೆ, ದುಡ್ಡು ಕೊಡದೆ ಬರುತ್ತಾರೆ, ಇಷ್ಟವಾಗದಿದ್ದರೆ ಎದ್ದು ಹೋಗುತ್ತಾರೆ. ಯುವ ಕಲಾವಿದರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆಲ್ಲೂ ಸಿಗದು.

ಸದ್ದಿನ ಬಗ್ಗೆ ಅಕ್ಕಪಕ್ಕದ ಮನೆಯವರ ಆತಂಕ ನಿಜವಾದದ್ದು. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್. ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಅದಕ್ಕಿಂತ 10 ಡೆಸಿಬಲ್‌ನಷ್ಟು ಮಾತ್ರ ಹೆಚ್ಚಿರಬಹುದು. ಈ ಮಿತಿ ಆರ್ಕೆಸ್ಟ್ರಾಕ್ಕೂ ಡಿಜೆಗೂ ರಾಕ್ ತಂಡಕ್ಕೂ ಒಂದೇ. ಚಿಕ್ಕ ಮೈದಾನದಲ್ಲಿ ಡ್ರಮ್ಸ್‌ಗೆ ಮೈಕ್ ಹಿಡಿಯುವ ಅಗತ್ಯವೇ ಬೀಳುವುದಿಲ್ಲ, ದೊಡ್ಡ ಸ್ಪೀಕರುಗಳ ಸಾಲೂ ಬೇಕಿಲ್ಲ. ಜನ ಸೇರುವ ಮೊದಲು, ಮಧ್ಯಾಹ್ನ ನಾಲ್ಕರ ಹೊತ್ತಿಗೆ ತಂಡದವರನ್ನೂ ಸೌಂಡ್‌ನವರನ್ನೂ ಜೊತೆಗೆ ಕೂರಿಸಿ ಸೌಂಡ್ ಚೆಕ್ ಮಾಡಿಸಿದರೆ, ಸದ್ದು ಕಡಿಮೆಯಾಗಿಯೂ ಹಾಡಿನ ಪದಗಳು ಸ್ಪಷ್ಟವಾಗಿ ಕೇಳುತ್ತವೆ. ಹಾಡುವವರಿಗೆ ತಮ್ಮ ದನಿ ತಮಗೇ ಕೇಳದಿದ್ದಾಗಲೇ ಎಲ್ಲರೂ ವಾಲ್ಯೂಮ್ ಏರಿಸುತ್ತಾ ಹೋಗುವುದು.

ಸಂಭಾವನೆಯ ವಿಷಯವನ್ನೂ ಹೇಳಲೇಬೇಕು. ಶಾಮಿಯಾನಕ್ಕೆ, ದೀಪಾಲಂಕಾರಕ್ಕೆ ಮುಂಗಡ ಕೊಡುವ ಸಮಿತಿಗಳು ಸ್ಥಳೀಯ ತಂಡಕ್ಕೆ ಮಾತ್ರ ‘ನಮ್ಮ ಹುಡುಗರೇ ಅಲ್ಲವೇ, ಪ್ರಚಾರ ಸಿಗುತ್ತದೆ’ ಎನ್ನುತ್ತವೆ. ನಮ್ಮ ಹುಡುಗರೇ ಎಂಬ ಕಾರಣಕ್ಕಾದರೂ ವಾದ್ಯಗಳನ್ನು ಸಾಗಿಸುವ ಗಾಡಿಯ ಬಾಡಿಗೆ, ಅಭ್ಯಾಸದ ಕೊಠಡಿಯ ಬಾಡಿಗೆ ಮತ್ತು ಅವರ ಶ್ರಮಕ್ಕೆ ತಕ್ಕ ಮೊತ್ತವನ್ನು ಮೊದಲೇ ಮಾತನಾಡಿ ಬರವಣಿಗೆಯಲ್ಲಿ ಕೊಡಬೇಡವೇ?

ಗಣೇಶೋತ್ಸವದ ಅನುಮತಿಗಾಗಿ ಪೊಲೀಸ್, ಪಾಲಿಕೆ, ಬೆಸ್ಕಾಂ ಮತ್ತು ಅಗ್ನಿಶಾಮಕ ಇಲಾಖೆಗಳು ಸೇರಿ ಏಕಗವಾಕ್ಷಿ ವ್ಯವಸ್ಥೆ ಮಾಡುತ್ತಾ ಬಂದಿವೆ. ಅಲ್ಲಿ ಸಲ್ಲಿಸುವ ಅರ್ಜಿಯ ಜೊತೆಗೆ ಪ್ರತಿ ದಿನದ ಕಾರ್ಯಕ್ರಮದ ವೇಳಾಪಟ್ಟಿಯನ್ನೂ, ವೇದಿಕೆಯ ವೈರಿಂಗ್ ಪರೀಕ್ಷಿಸಿದ ಎಲೆಕ್ಟ್ರಿಷಿಯನ್‌ರ ಸಹಿಯನ್ನೂ ಈ ವರ್ಷದಿಂದಲೇ ಕೇಳಬೇಕೆಂದು ಕೋರುತ್ತೇನೆ. ಸಮಿತಿಗಳು ಸನ್ಮಾನ ಸಮಾರಂಭವನ್ನು ಬೇರೊಂದು ದಿನಕ್ಕೆ ಇಟ್ಟುಕೊಂಡು, ಸಂಗೀತದ ದಿನ ಏಳೂವರೆಯಿಂದ ಒಂಬತ್ತೂವರೆಯವರೆಗೆ ವೇದಿಕೆಯನ್ನು ಕಲಾವಿದರಿಗೇ ಬಿಟ್ಟುಕೊಡಲಿ. ಆಹ್ವಾನ ಪತ್ರಿಕೆಗಳು ಅಚ್ಚಿಗೆ ಹೋಗಲು ಇನ್ನೂ ಕೆಲವು ದಿನಗಳಿರುವುದರಿಂದ ಈ ಬದಲಾವಣೆಗೆ ಸಮಯವಿದೆ.

ಇಂತಿ,
ನಿವೃತ್ತ ವಿದ್ಯುತ್ ಎಂಜಿನಿಯರ್
ಬೆಂಗಳೂರು