ಕಾವೇರಿ ಕೊಳ್ಳದ ಯುವಜನರಿಗೂ ಒಂದು ಪ್ರಶಸ್ತಿ ಬೇಕು

ಮಾನ್ಯರೇ,

ಪ್ರಜಾಪ್ರಭುತ್ವ ಮತ್ತು ಗಡಿಯಾಚೆಗಿನ ಸಹಕಾರಕ್ಕಾಗಿ ದುಡಿಯುವ ಯುವಜನರನ್ನು ಗುರುತಿಸುವ ಪ್ರಶಸ್ತಿಯೊಂದು ನಮ್ಮ ಕಾವೇರಿ ಕೊಳ್ಳಕ್ಕೂ ಅಗತ್ಯವಾಗಿದೆ. ಯುರೋಪಿಯನ್ ಸಂಸತ್ತು ಜರ್ಮನಿಯ ಆಖೆನ್ ನಗರದ ಪ್ರತಿಷ್ಠಾನವೊಂದರ ಜೊತೆಗೂಡಿ 2008ರಿಂದ ಇಂತಹ ಯುವ ಪ್ರಶಸ್ತಿ ನೀಡುತ್ತಿದೆ. 16ರಿಂದ 30 ವರ್ಷದವರು ನಡೆಸುವ ಯೋಜನೆಗಳಿಗೆ ಅದು ಮೀಸಲು. ಎರಡು ಮಹಾಯುದ್ಧಗಳಲ್ಲಿ ಪರಸ್ಪರ ಕಾದಾಡಿದ ದೇಶಗಳ ಮಕ್ಕಳು ಅಲ್ಲಿ ಒಟ್ಟಿಗೆ ಕೆಲಸ ಮಾಡುತ್ತಾರೆ.

ಇಲ್ಲಿ ಮಳೆ ಕೈಕೊಟ್ಟ ವರ್ಷ ಮಂಡ್ಯದ ಸಂಜಯ ವೃತ್ತದಲ್ಲಿ ಧರಣಿ, ತಂಜಾವೂರಿನ ಕಡೆ ಪ್ರತಿಭಟನೆ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂಬುದು ನಮ್ಮ ಹುಡುಗರಿಗೆ ಬಾಯಿಪಾಠ. ಆದರೆ ನದಿಯ ಕೆಳಗಿನ ತಮಿಳುನಾಡಿನ ರೈತ ಕುರುವೈ ಎಂಬ ಅಲ್ಪಾವಧಿಯ ಭತ್ತವನ್ನು ಯಾವ ತಿಂಗಳಲ್ಲಿ ನಾಟಿ ಮಾಡುತ್ತಾನೆ ಎಂದು ಕೇಳಿದರೆ ಉತ್ತರವಿಲ್ಲ. (ಮೂವತ್ತು ವರ್ಷ ಪಾಠ ಮಾಡಿದ ನನಗೂ ಅದು ತಿಳಿದದ್ದು ನಿವೃತ್ತಿಯ ನಂತರವೇ.) 2003ರಲ್ಲಿ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ ಎಂಬ ವೇದಿಕೆ ಕಟ್ಟಿಕೊಂಡು, ಪರಸ್ಪರರ ಗದ್ದೆಗಳಿಗೆ ಹೋಗಿ ಕಷ್ಟ ಸುಖ ಕಂಡುಬಂದಿದ್ದರು. ಹಿರಿಯರ ಆ ಪ್ರಯತ್ನವನ್ನು ಕಿರಿಯರಿಗೆ ದಾಟಿಸುವವರೇ ಇಲ್ಲ.

ಮೈಸೂರು ವಿಶ್ವವಿದ್ಯಾನಿಲಯವು ತಮಿಳುನಾಡಿನ ಒಂದು ವಿಶ್ವವಿದ್ಯಾನಿಲಯದೊಡನೆ ಸೇರಿ ವಾರ್ಷಿಕ ಪ್ರಶಸ್ತಿ ಆರಂಭಿಸಲಿ. ಎರಡೂ ರಾಜ್ಯಗಳ ವಿದ್ಯಾರ್ಥಿಗಳು ಒಂದೇ ತಂಡದಲ್ಲಿರಬೇಕೆಂಬುದು ಕಡ್ಡಾಯವಾಗಲಿ. ಬಹುಮಾನದ ಮೊತ್ತ ಸಣ್ಣದಿದ್ದರೂ ಚಿಂತೆಯಿಲ್ಲ, ಗೆದ್ದ ಯೋಜನೆಯನ್ನು ಒಂದು ವರ್ಷ ಮುಂದುವರಿಸಲು ನೆರವು ಸಿಗಲಿ. ಶಾಲು, ಹಾರ, ಫಲಕಗಳ ಸಮಾರಂಭವಷ್ಟೇ ಆಗುವುದು ಬೇಡ.

– ನಿವೃತ್ತ ಶಿಕ್ಷಕ, ಮಂಡ್ಯ